ವಿಮಾನವೇರುವ ಮೈಸೂರಿನ ಪರಿಮಳ: ಗಂಧದೆಣ್ಣೆ, ಸೆಂಟು, ಊದುಬತ್ತಿ ಒಯ್ಯುವುದು ಹೇಗೆ?

ಮೈಸೂರು: ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟ ತಾಯಿ, ರಜೆ ಮುಗಿಸಿ ದುಬೈಗೆ ಮರಳುವ ಉದ್ಯೋಗಿ, ದಸರಾ ನೋಡಿ ಹಿಂದಿರುಗುವ ಪ್ರವಾಸಿ, ಮೂವರ ಪೆಟ್ಟಿಗೆಯಲ್ಲೂ ಮೈಸೂರು ಪಾಕಿನ ಪಕ್ಕದಲ್ಲಿ ಇರುವ ಮತ್ತೊಂದು ವಸ್ತು ಪರಿಮಳ. ಅದು ಗಂಧದೆಣ್ಣೆಯ ಪುಟ್ಟ ಸೀಸೆಯಾಗಿರಬಹುದು, ಊದುಬತ್ತಿಯ ಕಟ್ಟಾಗಿರಬಹುದು, ದೇವರಾಜ ಮಾರುಕಟ್ಟೆಯಲ್ಲಿ ಕೊಂಡ ಅತ್ತರಾಗಿರಬಹುದು. ಇವುಗಳಲ್ಲಿ ಕೆಲವು ವಿಮಾನ ನಿಲ್ದಾಣದ ತಪಾಸಣೆಯ ಮೇಜು ದಾಟುವುದಿಲ್ಲ. ಇನ್ನು ಕೆಲವು ದಾಟುತ್ತವೆ, ಆದರೆ ಊರು ತಲುಪುವಷ್ಟರಲ್ಲಿ ಸೀಸೆ ಖಾಲಿಯಾಗಿ ರೇಷ್ಮೆ ಸೀರೆ ಘಮಘಮಿಸುತ್ತಿರುತ್ತದೆ.

ಒಂದೆರಡು ಚಮಚದಷ್ಟು ಶುದ್ಧ ಗಂಧದೆಣ್ಣೆಗೆ ಸಾವಿರಾರು ರೂಪಾಯಿ ತೆರಬೇಕಾದ ಕಾಲವಿದು. ಕಸದ ಬುಟ್ಟಿಗೆ ಹಾಕಿ ಮುಂದೆ ಹೋಗುವಷ್ಟು ಅಗ್ಗದ ವಸ್ತುವಲ್ಲ. ಹಾಗಿದ್ದೂ ಪ್ರಯಾಣಿಕರಲ್ಲಿ ಗೊಂದಲ ತಪ್ಪಿಲ್ಲ. ಕಾರಣ ಸರಳ. ಪರಿಮಳದ್ರವ್ಯಗಳಿಗೆ ಅನ್ವಯಿಸುವುದು ಒಂದು ನಿಯಮವಲ್ಲ, ಎರಡು. ಒಂದು ಭದ್ರತೆಯದು, ಇನ್ನೊಂದು ಬೆಂಕಿಯದು. ಎರಡನ್ನೂ ಒಂದೆಂದು ಭಾವಿಸಿದವರೇ ಹೆಚ್ಚಾಗಿ ತೊಂದರೆಗೆ ಸಿಲುಕುತ್ತಾರೆ.

ಯುದ್ಧಕಾಲದ ಕೂಸು

ಮೈಸೂರಿನ ಗಂಧದೆಣ್ಣೆಯ ಕಥೆ ಆರಂಭವಾದದ್ದೇ ಸಾಗಣೆಯ ಸಮಸ್ಯೆಯಿಂದ. ಮೈಸೂರು ಸಂಸ್ಥಾನದ ಶ್ರೀಗಂಧ ಮೊದಲು ಮರದ ರೂಪದಲ್ಲಿಯೇ ಹಡಗೇರಿ ಯೂರೋಪಿಗೆ ಹೋಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಹಡಗು ಸಂಚಾರ ಅಸ್ತವ್ಯಸ್ತಗೊಂಡಿತು. ಮಾರಾಟವಾಗದೆ ಉಳಿದ ಮರದಿಂದ ಇಲ್ಲಿಯೇ ಎಣ್ಣೆ ತೆಗೆಯುವ ಕಾರ್ಯಕ್ಕೆ 1916ರಲ್ಲಿ ಚಾಲನೆ ದೊರೆಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಎಂ. ವಿಶ್ವೇಶ್ವರಯ್ಯ ದಿವಾನರು. ಮೈಸೂರಿನ ಮಾನಂದವಾಡಿ ರಸ್ತೆಯ ಗಂಧದೆಣ್ಣೆ ಕಾರ್ಖಾನೆ ಆ ಕಾಲದ ಕೊಡುಗೆ. 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನು ತಯಾರಿಕೆ ಶುರುವಾಯಿತು. 1980ರಲ್ಲಿ ಇವೆಲ್ಲವನ್ನೂ ಒಗ್ಗೂಡಿಸಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವನ್ನು ರಚಿಸಲಾಯಿತು. ಮೈಸೂರು ಗಂಧದೆಣ್ಣೆ, ಮೈಸೂರು ಸ್ಯಾಂಡಲ್ ಸೋಪು, ಮೈಸೂರು ಅಗರಬತ್ತಿ, ಮೈಸೂರು ಮಲ್ಲಿಗೆ ಈ ನಾಲ್ಕಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಒಂದೇ ಊರಿನ ನಾಲ್ಕು ಪರಿಮಳಗಳು. ವಿಮಾನದ ನಿಯಮಗಳ ಕಣ್ಣಿನಲ್ಲಿ ಮಾತ್ರ ನಾಲ್ಕೂ ಬೇರೆ ಬೇರೆ ಜಾತಿ.

ಏನಿದು 100 ಮಿ.ಲೀ. ಲೆಕ್ಕ?

2006ರ ಆಗಸ್ಟ್ 10ರಂದು ಬ್ರಿಟನ್ ಪೊಲೀಸರು ಒಂದು ಸಂಚನ್ನು ಬಯಲಿಗೆಳೆದರು. ತಂಪು ಪಾನೀಯದ ಬಾಟಲಿಗಳಲ್ಲಿ ದ್ರವರೂಪದ ಸ್ಫೋಟಕ ತುಂಬಿಕೊಂಡು ಲಂಡನ್ನಿನಿಂದ ಉತ್ತರ ಅಮೆರಿಕಕ್ಕೆ ಹೋಗುವ ವಿಮಾನಗಳನ್ನು ಉಡಾಯಿಸುವ ಯೋಜನೆ ಅದು. ಕೆಲ ದಿನ ಕೈಚೀಲದಲ್ಲಿ ದ್ರವವೇ ನಿಷಿದ್ಧವಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕ, ನವೆಂಬರಿನಲ್ಲಿ ಯೂರೋಪ್ ಒಕ್ಕೂಟ ಹೊಸ ಮಿತಿಯನ್ನು ಜಾರಿಗೆ ತಂದವು. ಬಳಿಕ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಶಿಫಾರಸಿನಂತೆ ಭಾರತವೂ ಸೇರಿ ಬಹುತೇಕ ದೇಶಗಳು ಅದನ್ನೇ ಅನುಸರಿಸಿದವು.

ನಿಯಮ ಇಷ್ಟೇ. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದಲ್ಲಿಡುವ ದ್ರವ, ಜೆಲ್, ಸ್ಪ್ರೇ ಯಾವುದೇ ಇರಲಿ, ಅದರ ಸೀಸೆ 100 ಮಿ.ಲೀ. ಮೀರುವಂತಿಲ್ಲ. ಅಂತಹ ಸೀಸೆಗಳೆಲ್ಲ ಮತ್ತೆ ಮತ್ತೆ ಮುಚ್ಚಿ ತೆರೆಯಬಹುದಾದ, ಒಂದು ಲೀಟರಿನ ಒಂದೇ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ತಲೆಗೊಂದೇ ಚೀಲ.

ಇಲ್ಲಿ ಬಹಳ ಜನ ಎಡವುವುದು ಒಂದು ಪದದಲ್ಲಿ. ಲೆಕ್ಕಕ್ಕೆ ಬರುವುದು ಸೀಸೆಯ ಗಾತ್ರವೇ ಹೊರತು ಒಳಗೆ ಉಳಿದಿರುವ ಸೆಂಟಿನ ಪ್ರಮಾಣವಲ್ಲ. 150 ಮಿ.ಲೀ. ಸೀಸೆಯ ತಳದಲ್ಲಿ ಚಮಚದಷ್ಟೇ ಸೆಂಟು ಇದ್ದರೂ ಅದು ತಡೆಯಲ್ಪಡುತ್ತದೆ. ವಾದ ಮಾಡಿ ಪ್ರಯೋಜನವಿಲ್ಲ. ಮಾರುಕಟ್ಟೆಯಲ್ಲಿ ಸಡಿಲವಾಗಿ ಅಳೆದುಕೊಡುವ ಅತ್ತರು, ಮಲ್ಲಿಗೆ ಎಣ್ಣೆಗಳದ್ದು ಇನ್ನೊಂದು ಪೇಚು. ಸೀಸೆಯ ಮೇಲೆ ಅಳತೆಯೂ ಇರುವುದಿಲ್ಲ, ಏನೆಂಬ ಹೆಸರೂ ಇರುವುದಿಲ್ಲ. ಚೀಟಿಯಿಲ್ಲದ ದ್ರವವನ್ನು ಕಂಡ ಭದ್ರತಾ ಸಿಬ್ಬಂದಿ ಅನುಮಾನಿಸಿದರೆ ಅವರನ್ನು ದೂರುವಂತಿಲ್ಲ. ಮುದ್ರಿತ ಚೀಟಿಯುಳ್ಳ ಸೀಸೆಯನ್ನೇ ಕೊಂಡು, ರಸೀದಿ ಜೊತೆಗಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ದೇಶದೊಳಗಿನ ಪ್ರಯಾಣದಲ್ಲಿ ಈ ಬಿಗಿ ಕಡಿಮೆ. ಕುಡಿಯುವ ನೀರಿನ ಬಾಟಲಿ ಹಿಡಿದು ತಪಾಸಣೆ ದಾಟುವವರನ್ನು ನೋಡಬಹುದು. ಆದರೆ ಯಾವುದೇ ವಸ್ತುವಿನ ಬಗ್ಗೆ ಸ್ಥಳದಲ್ಲಿರುವ ಭದ್ರತಾ ಅಧಿಕಾರಿಯದೇ ಕೊನೆಯ ಮಾತು. ಮಂಡಕಳ್ಳಿ ವಿಮಾನ ನಿಲ್ದಾಣದಿಂದ ದೇಶೀಯ ವಿಮಾನವೇರಿ, ಬೇರೊಂದು ನಗರದಲ್ಲಿ ವಿದೇಶದ ವಿಮಾನ ಹಿಡಿಯುವವರು ವಿಶೇಷ ಎಚ್ಚರ ವಹಿಸಬೇಕು. ಮೈಸೂರಿನಲ್ಲಿ ಯಾರೂ ಪ್ರಶ್ನಿಸದ 200 ಮಿ.ಲೀ. ಸೆಂಟು ಅಲ್ಲಿಯ ಅಂತಾರಾಷ್ಟ್ರೀಯ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಆ ವೇಳೆಗೆ ದೊಡ್ಡ ಪೆಟ್ಟಿಗೆ ಕೈದಾಟಿ ಹೋಗಿರುತ್ತದೆ, ಅದರೊಳಗೆ ಇಡೋಣವೆಂದರೂ ಆಗದು.

ನಿಯಮ ಸಡಿಲಗೊಳ್ಳುತ್ತಿರುವುದೂ ನಿಜ. ಚೀಲದ ಒಳಗಿರುವ ವಸ್ತುವನ್ನು ಮೂರು ಆಯಾಮದಲ್ಲಿ ತೋರಿಸುವ ಹೊಸ ಸಿಟಿ ಸ್ಕ್ಯಾನರುಗಳು ಬಂದ ಮೇಲೆ ಬ್ರಿಟನ್ನಿನ ಎಡಿನ್‌ಬರೊ, ಬರ್ಮಿಂಗ್‌ಹ್ಯಾಮ್ ನಿಲ್ದಾಣಗಳು 2025ರಲ್ಲಿ ಎರಡು ಲೀಟರ್‌ವರೆಗಿನ ಸೀಸೆಗಳಿಗೆ ಅವಕಾಶ ಕೊಟ್ಟವು. ಆದರೆ ಇದು ಹೊರಡುವ ನಿಲ್ದಾಣದ ಮಾತು. ಅಲ್ಲಿಂದ ಸಲೀಸಾಗಿ ತಂದ ಸೀಸೆಯನ್ನು ನಡುವೆ ಇನ್ನೊಂದು ನಿಲ್ದಾಣದಲ್ಲಿ ಮತ್ತೆ ತಪಾಸಣೆ ಮಾಡಿದರೆ ಆ ಊರಿನ ನಿಯಮವೇ ನಡೆಯುತ್ತದೆ.

ಇನ್ನೊಂದು ನಿಯಮ ಬೆಂಕಿಯದು

ಹಾಗಾದರೆ ಸೆಂಟನ್ನೆಲ್ಲ ದೊಡ್ಡ ಪೆಟ್ಟಿಗೆಯಲ್ಲಿ ತುಂಬಿಬಿಡಬಹುದೇ? ಅದಕ್ಕೂ ಮಿತಿಯುಂಟು. ಸ್ಪ್ರೇ ಬಾಟಲಿಗಳಲ್ಲಿ ಬರುವ ಸೆಂಟಿನಲ್ಲಿ ಬಹುಪಾಲು ಇರುವುದು ಆಲ್ಕೋಹಾಲ್. ಕೋಣೆಯ ಸಾಧಾರಣ ಶಾಖದಲ್ಲೇ ಅದರ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಹೀಗಾಗಿ ಸರಕು ಸಾಗಣೆಯ ಭಾಷೆಯಲ್ಲಿ ಸೆಂಟು ಅಪಾಯಕಾರಿ ವಸ್ತು. ಉರಿಯುವ ದ್ರವಗಳ ಮೂರನೆಯ ವರ್ಗದಲ್ಲಿ ಅದಕ್ಕೆ ಯುಎನ್ 1266 ಎಂಬ ಸಂಖ್ಯೆಯೇ ಇದೆ.

ಪ್ರಯಾಣಿಕರ ಸ್ವಂತ ಬಳಕೆಗೆ ಮಾತ್ರ ರಿಯಾಯಿತಿ. ಸೆಂಟು, ಡಿಯೋಡರೆಂಟ್, ಕೂದಲಿನ ಸ್ಪ್ರೇ, ಔಷಧಿಯ ಸ್ಪ್ರೇ ಎಲ್ಲ ಸೇರಿ ತಲೆಗೆ 2 ಲೀಟರ್ ಅಥವಾ 2 ಕಿಲೋ ಒಯ್ಯಬಹುದು. ಯಾವ ಒಂದು ಸೀಸೆಯೂ ಅರ್ಧ ಲೀಟರ್ ಅಥವಾ ಅರ್ಧ ಕಿಲೋ ಮೀರಬಾರದು. ಕೈಚೀಲ, ದೊಡ್ಡ ಪೆಟ್ಟಿಗೆ ಎರಡರಲ್ಲಿರುವುದನ್ನೂ ಕೂಡಿಸಿದ ಲೆಕ್ಕ ಇದು. ಡಬ್ಬಿಯ ಒತ್ತುಗುಂಡಿ ತಾನಾಗಿ ಅದುಮಿಕೊಳ್ಳದಂತೆ ಮುಚ್ಚಳ ಇರಲೇಬೇಕು. ಮದುವೆಗೆಂದು ಇಪ್ಪತ್ತು ಮೂವತ್ತು ಸೆಂಟಿನ ಸೀಸೆಗಳನ್ನು ಉಡುಗೊರೆಗಾಗಿ ಒಯ್ಯುವವರು ಈ ಕೂಡುಲೆಕ್ಕವನ್ನು ಮರೆಯುತ್ತಾರೆ. 100 ಮಿ.ಲೀ.ನ ಇಪ್ಪತ್ತು ಸೀಸೆಗೆ ಮಿತಿ ಮುಗಿಯಿತು.

ಕೋಣೆಗೆ ಸಿಂಪಡಿಸುವ ರೂಮ್ ಫ್ರೆಶ್‌ನರ್ ಡಬ್ಬಿಗೆ ಈ ರಿಯಾಯಿತಿ ಇಲ್ಲವೆಂಬುದು ಅನೇಕರಿಗೆ ಅಚ್ಚರಿ ತರುತ್ತದೆ. ಅದು ಮೈಗೆ ಹಚ್ಚುವ ವಸ್ತುವಲ್ಲ, ಮನೆಬಳಕೆಯ ವಸ್ತು. ಉರಿಯುವ ಅನಿಲ ತುಂಬಿದ ಅಂತಹ ಡಬ್ಬಿಗಳಿಗೆ ಕೈಚೀಲದಲ್ಲೂ ಜಾಗವಿಲ್ಲ, ಪೆಟ್ಟಿಗೆಯಲ್ಲೂ ಇಲ್ಲ.

ಇಲ್ಲಿಯೇ ಮೈಸೂರಿನ ಗಂಧದೆಣ್ಣೆ ಬೇರೆಯಾಗಿ ನಿಲ್ಲುವುದು. ಮರದ ತಿರುಳಿನಿಂದ ಹಬೆಯ ಮೂಲಕ ಬಟ್ಟಿ ಇಳಿಸಿದ ಶುದ್ಧ ಎಣ್ಣೆಯಲ್ಲಿ ಆಲ್ಕೋಹಾಲ್ ಬೆರಕೆ ಇರುವುದಿಲ್ಲ. ಅದರ ಮುಖ್ಯ ಘಟಕವಾದ ಸ್ಯಾಂಟಲಾಲ್ ಬಹು ನಿಧಾನವಾಗಿ ಆವಿಯಾಗುವಂಥದ್ದು. ಅತ್ತರು ತಯಾರಕರು ಗುಲಾಬಿ, ಮಲ್ಲಿಗೆಯ ಕಂಪನ್ನು ಹಿಡಿದಿಡಲು ಗಂಧದೆಣ್ಣೆಯನ್ನು ತಳಹದಿಯಾಗಿ ಬಳಸುವುದು ಇದೇ ಗುಣಕ್ಕಾಗಿ. ಉರಿಯುವ ದ್ರವವೆಂದು ವರ್ಗೀಕರಿಸಲು 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಶಾಖದಲ್ಲಿ ಆವಿ ಹೊತ್ತಿಕೊಳ್ಳಬೇಕು. ಗಂಧದೆಣ್ಣೆಯದು 90 ಡಿಗ್ರಿಗೂ ಮೇಲೆ. ಬೆಂಕಿಯ ನಿಯಮಕ್ಕೆ ಅದು ಸಾಧು ಪ್ರಾಣಿ. ಭದ್ರತೆಯ ನಿಯಮಕ್ಕೆ ಮಾತ್ರ ಅದೂ ಒಂದು ದ್ರವ, ಕೈಚೀಲದಲ್ಲಿ 100 ಮಿ.ಲೀ. ಲೆಕ್ಕಕ್ಕೆ ಸೇರಿದ್ದೇ. ಸಾಮಾನ್ಯವಾಗಿ ಜನ ಕೊಳ್ಳುವುದು ಕೆಲವೇ ಮಿಲಿಲೀಟರಿನ ಸೀಸೆಯಾದ್ದರಿಂದ ಕೈಚೀಲದ ಪಾರದರ್ಶಕ ಚೀಲದಲ್ಲಿ ಅದು ಸಲೀಸಾಗಿ ಹೋಗುತ್ತದೆ. ಬೆಲೆಬಾಳುವ ವಸ್ತುವಾದ್ದರಿಂದ ಅಲ್ಲಿರುವುದೇ ಮೇಲು. ತಪ್ಪಿಹೋಗುವ ಪೆಟ್ಟಿಗೆಯಲ್ಲಿ ಅದನ್ನು ಇಡಬಾರದು.

ಸೀಸೆ ಸೋರುವುದೇಕೆ?

ಪೆಟ್ಟಿಗೆ ಇಡುವ ವಿಮಾನದ ತಳಭಾಗದಲ್ಲಿ ಗಾಳಿಯ ಒತ್ತಡವೇ ಇರುವುದಿಲ್ಲ, ಆದ್ದರಿಂದ ಸೀಸೆ ಒಡೆಯುತ್ತದೆ ಎಂಬ ನಂಬಿಕೆ ಇದೆ. ಇದು ಸರಿಯಲ್ಲ. ಪ್ರಯಾಣಿಕರ ವಿಮಾನಗಳಲ್ಲಿ ಸರಂಜಾಮಿನ ಕೋಣೆಗೂ ಆಸನಗಳ ಭಾಗಕ್ಕೂ ಒತ್ತಡ ಹೆಚ್ಚುಕಡಿಮೆ ಒಂದೇ. ಆದರೆ ಆ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ವಿಮಾನ ಎತ್ತರದಲ್ಲಿ ಹಾರುವಾಗ ಒಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ನೆಲದ ಮೇಲೆ ಮುಚ್ಚಿದ ಸೀಸೆಯೊಳಗಿನ ಗಾಳಿ ಆಗ ಹಿಗ್ಗಲು ಹವಣಿಸುತ್ತದೆ.

ಮೈಸೂರಿಗೆ ಇಲ್ಲೊಂದು ಅನುಕೂಲ. ನಗರ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ಮುಚ್ಚಿದ, ಅರ್ಧ ಖಾಲಿಯಾದ 100 ಮಿ.ಲೀ. ಸೀಸೆಯಲ್ಲಿರುವ 50 ಮಿ.ಲೀ. ಗಾಳಿ ಮೇಲೆ ಹೋದಾಗ ಸುಮಾರು 61 ಮಿ.ಲೀ.ನಷ್ಟಾಗಲು ನೋಡುತ್ತದೆ. ಅದೇ ಸೀಸೆಯನ್ನು ಚೆನ್ನೈ ಅಥವಾ ಮಂಗಳೂರಿನಲ್ಲಿ ಮುಚ್ಚಿದ್ದರೆ ಸುಮಾರು 67 ಮಿ.ಲೀ. ಎರಡೂ ಕಡೆ ಹೆಚ್ಚಾದ ಗಾಳಿ ದಾರಿ ಹುಡುಕುತ್ತದೆ, ಸಡಿಲ ಮುಚ್ಚಳ ಸಿಕ್ಕರೆ ದ್ರವವನ್ನೂ ಹೊರದೂಡುತ್ತದೆ. ತುಂಬಿದ ಹೊಸ ಸೀಸೆಗಿಂತ ಅರ್ಧ ಬಳಸಿದ ಸೀಸೆ ಹೆಚ್ಚು ಸೋರುವುದಕ್ಕೆ ಇದೇ ಕಾರಣ. ಹಾಗೆಂದು ಕಂಠಪೂರ್ತಿ ತುಂಬುವುದೂ ತರವಲ್ಲ. ಬಿಸಿಲಲ್ಲಿ ನಿಂತ ಸರಂಜಾಮಿನ ಗಾಡಿಯಲ್ಲಿ ಕಾದ ದ್ರವ ತಾನೂ ಉಬ್ಬುತ್ತದೆ. ಹತ್ತನೇ ಒಂದು ಭಾಗ ಖಾಲಿ ಬಿಟ್ಟರೆ ಸಾಕು.

ಕಂಪನಿಯಲ್ಲೇ ಲೋಹದ ಪಟ್ಟಿಯಿಂದ ಬಿಗಿದ ಸ್ಪ್ರೇ ಸೀಸೆಗಳು ತಕ್ಕಮಟ್ಟಿಗೆ ಸುರಕ್ಷಿತ. ಗಾಜಿನ ಬಿರಡೆ ಸಿಕ್ಕಿಸಿದ ಅಲಂಕಾರದ ಅತ್ತರು ಸೀಸೆಗಳು ಮೇಜಿನ ಮೇಲೆ ಚೆನ್ನ, ವಿಮಾನಕ್ಕೆ ಅಲ್ಲ. ಅವುಗಳಲ್ಲಿರುವುದನ್ನು ತಿರುಪು ಮುಚ್ಚಳದ ಕಂದುಬಣ್ಣದ ಗಾಜಿನ ಸೀಸೆಗೆ ವರ್ಗಾಯಿಸುವುದು ಒಳ್ಳೆಯದು. ರಬ್ಬರಿನ ತುದಿಯುಳ್ಳ ಡ್ರಾಪರ್ ಸೀಸೆ ಬೇಡ. ಸುಗಂಧ ತೈಲದ ಆವಿಗೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಅಗ್ಗದ ಪ್ಲಾಸ್ಟಿಕ್ಕಿನದೂ ಅದೇ ಪಾಡು. ಕೊಳಾಯಿ ಕೆಲಸದವರು ತಿರುಪಿಗೆ ಸುತ್ತುವ ಬಿಳಿಯ ಟೆಫ್ಲಾನ್ ಟೇಪನ್ನು ಸೀಸೆಯ ಕೊರಳಿಗೆ ಎರಡು ಸುತ್ತು ಸುತ್ತಿ ಮುಚ್ಚಳ ಬಿಗಿಯಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಗ್ಗದ ವಸ್ತುವಾದರೂ ಕೆಲಸಕ್ಕೆ ಬರುತ್ತದೆ. ನಂತರ ಸೀಸೆಗೆ ಹಳೆಯ ಹತ್ತಿ ಬಟ್ಟೆ ಸುತ್ತಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಪೆಟ್ಟಿಗೆಯ ನಡುಭಾಗದಲ್ಲಿ ಬಟ್ಟೆಗಳ ಮಧ್ಯೆ ನಿಲ್ಲಿಸಬೇಕು. ಅಂಚಿನಲ್ಲಿ ಇಟ್ಟರೆ ಪೆಟ್ಟಿಗೆ ಬಿದ್ದಾಗ ಮೊದಲ ಏಟು ಅದಕ್ಕೇ.

ಮೈಸೂರು ರೇಷ್ಮೆ ಸೀರೆಯ ಪಕ್ಕದಲ್ಲಂತೂ ಎಣ್ಣೆಯ ಸೀಸೆ ಇಡಲೇಬಾರದು. ಆಲ್ಕೋಹಾಲ್ ಸೆಂಟು ಆರಿಹೋದೀತು, ಗಂಧದೆಣ್ಣೆಯ ಕಲೆ ಸುಲಭವಾಗಿ ಬಿಡದು.

ಡ್ಯೂಟಿ ಫ್ರೀ ಸೀಸೆ, ನಡುದಾರಿಯ ಕಂಟಕ

ತಪಾಸಣೆಯ ನಂತರ ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡ ಸೆಂಟಿಗೆ 100 ಮಿ.ಲೀ. ಮಿತಿ ಇಲ್ಲ. ಅಂಗಡಿಯವರು ಅದನ್ನು ರಸೀದಿ ಸಹಿತ ವಿಶೇಷ ಮೊಹರಿನ ಚೀಲದಲ್ಲಿಟ್ಟು ಕೊಡುತ್ತಾರೆ. ನಡುವೆ ವಿಮಾನ ಬದಲಿಸಬೇಕಾದವರು ಕೊನೆಯ ಊರು ತಲುಪುವವರೆಗೆ ಆ ಚೀಲವನ್ನು ತೆರೆಯಕೂಡದು. ಒಂದು ಸಲ ಮೂಸಿ ನೋಡುವ ಆಸೆಗೆ ಮೊಹರು ಹರಿದರೆ ಮುಂದಿನ ತಪಾಸಣೆಯಲ್ಲಿ ಅದು ಸಾಮಾನ್ಯ ದ್ರವ. ಅಮೆರಿಕಕ್ಕೆ ಹೋಗುವವರು ಮೊದಲು ಇಳಿಯುವ ಊರಿನಲ್ಲಿ ಸಾಮಾನ್ಯವಾಗಿ ಪೆಟ್ಟಿಗೆ ಪಡೆದು ಮತ್ತೆ ಒಪ್ಪಿಸಬೇಕಾಗುತ್ತದೆ. ಮುಂದೆ ಇನ್ನೊಂದು ವಿಮಾನ ಹಿಡಿಯುವುದಿದ್ದರೆ, ಆ ಹೊತ್ತಿನಲ್ಲಿ ದೊಡ್ಡ ಸೀಸೆಯನ್ನು ಪೆಟ್ಟಿಗೆಗೆ ಸೇರಿಸಿಬಿಡುವುದು ಜಾಣತನ.

ಊದುಬತ್ತಿ ಸರಿ, ಕರ್ಪೂರ ಬೇಡ

ಒಣ ಊದುಬತ್ತಿಗೆ ದ್ರವದ ನಿಯಮ ಅನ್ವಯಿಸುವುದಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಅದು ಸಾಮಾನ್ಯವಾಗಿ ತೊಂದರೆಯಿಲ್ಲದೆ ಹೋಗುತ್ತದೆ. ತೊಂದರೆ ಬರುವುದು ಅದರ ಜೊತೆಗಾರರಿಂದ. ಪೂಜಾ ಸಾಮಗ್ರಿಯ ಕಟ್ಟಿನಲ್ಲಿ ಬೆಂಕಿಪೊಟ್ಟಣ ಇದ್ದರೆ ತೆಗೆದಿಡಬೇಕು. ಪೆಟ್ಟಿಗೆಯಲ್ಲಿ ಬೆಂಕಿಕಡ್ಡಿ ಎಲ್ಲೆಡೆ ನಿಷಿದ್ಧ, ಭಾರತದ ನಿಲ್ದಾಣಗಳಲ್ಲಿ ಕೈಚೀಲದಲ್ಲೂ ಬಿಡುವುದಿಲ್ಲ. ಕರ್ಪೂರವಂತೂ ಉರಿಯುವ ಘನವಸ್ತುಗಳ ಪಟ್ಟಿಯಲ್ಲಿದೆ, ಯುಎನ್ 2717 ಅದರ ಸಂಖ್ಯೆ. ಪ್ರಯಾಣಿಕರ ಯಾವ ಸರಂಜಾಮಿನಲ್ಲೂ ಅದಕ್ಕೆ ಅವಕಾಶವಿಲ್ಲ. ಮಂಗಳಾರತಿಗೆ ಬೇಕಾದ ಕರ್ಪೂರವನ್ನು ತಲುಪುವ ಊರಿನ ಭಾರತೀಯ ಅಂಗಡಿಯಲ್ಲಿ ಕೊಳ್ಳುವುದೇ ದಾರಿ. ಅಂದಹಾಗೆ ಒಣಕೊಬ್ಬರಿಯೂ ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಗುಂಪಿಗೆ ಸೇರಿದ್ದು, ಪೆಟ್ಟಿಗೆಯಲ್ಲಿ ಕಂಡರೆ ತೆಗೆಸುತ್ತಾರೆ.

ಊದುಬತ್ತಿಯದು ಇನ್ನೊಂದು ಸ್ವಭಾವ. ಅದರ ಕಂಪು ರಟ್ಟಿನ ಪೆಟ್ಟಿಗೆ ದಾಟಿ ಪಕ್ಕದ ತಿಂಡಿಗೆ ಹತ್ತುತ್ತದೆ. ಊದುಬತ್ತಿಯ ವಾಸನೆಯ ಮೈಸೂರು ಪಾಕನ್ನೂ ಕಾಫಿಪುಡಿಯನ್ನೂ ಸವಿದ ವಿದೇಶದ ಮಕ್ಕಳಿಗೆ ಇದು ಹೊಸದಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಊದುಬತ್ತಿಯನ್ನು ಪ್ರತ್ಯೇಕವಾಗಿ ತುಂಬಬೇಕು.

ಸಾಬೂನಿಗೆ ಯಾವ ಅಡ್ಡಿಯೂ ಇಲ್ಲ. ಉಡುಗೊರೆಗೆ ಹೆಚ್ಚು ತೊಂದರೆಯಿಲ್ಲದ ಮೈಸೂರು ಪರಿಮಳ ಎಂದರೆ ಸ್ಯಾಂಡಲ್ ಸೋಪೇ. ಟಾಲ್ಕಂ ಪೌಡರ್, ಕುಂಕುಮ, ವಿಭೂತಿ ಒಯ್ಯುವವರು ಗಮನಿಸಬೇಕಾದ್ದೆಂದರೆ, 2018ರ ಜೂನ್ 30ರಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿ.ಲೀ. ಮೀರಿದ ಪುಡಿಗಳಿಗೆ ಕೈಚೀಲದಲ್ಲಿ ಕಟ್ಟುನಿಟ್ಟು ಹೆಚ್ಚಿದೆ. ಅವು ಪೆಟ್ಟಿಗೆಯಲ್ಲಿರಲಿ.

ಶ್ರೀಗಂಧದ ಕೊರಡು, ಊದ್ ಮತ್ತು ಮಲ್ಲಿಗೆ

ಅಜ್ಜಿಯ ಕಾಲದ ಗಂಧದ ಕೊರಡನ್ನು ಮೊಮ್ಮಗನ ವಿದೇಶದ ಮನೆಗೆ ಕಳುಹಿಸುವ ಆಸೆ ಸಹಜ. ಆದರೆ ಕಚ್ಚಾ ಶ್ರೀಗಂಧದ ತುಂಡು, ಚಕ್ಕೆಗಳನ್ನು ದೇಶದಿಂದ ಹೊರಗೆ ಒಯ್ಯುವುದಕ್ಕೆ ರಫ್ತು ನೀತಿಯ ನಿಷೇಧವಿದೆ. ಪೂರ್ಣಗೊಂಡ ಕರಕುಶಲ ವಸ್ತುಗಳಿಗೆ ವಿನಾಯಿತಿ ಉಂಟು. ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂನಂತಹ ಅಧಿಕೃತ ಮಳಿಗೆಯಲ್ಲಿ ಕೊಂಡು ರಸೀದಿ ಜೊತೆಗಿಟ್ಟರೆ ಸುಂಕದವರ ಮುಂದೆ ಮಾತು ಸುಲಭ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಮರದ ಯಾವುದೇ ವಸ್ತುವನ್ನು ಇಳಿದ ಕೂಡಲೇ ಘೋಷಿಸಬೇಕು.

ಗಲ್ಫ್ ದೇಶಗಳಿಂದ ಊದ್ ತರುವವರಿಗೆ ಬೇರೆಯೇ ಲೆಕ್ಕ. ಊದ್ ನೀಡುವ ಅಗರು ಮರ ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಸ್ವಂತಕ್ಕೆಂದು ತಲೆಗೆ 1 ಕಿಲೋ ಚಕ್ಕೆ, 24 ಮಿ.ಲೀ. ಎಣ್ಣೆಯವರೆಗೆ ಪರವಾನಗಿ ಇಲ್ಲದೆ ಒಯ್ಯಲು ಆ ಒಪ್ಪಂದ ಅವಕಾಶ ಕೊಡುತ್ತದೆ. ಅದನ್ನು ದೇಶಗಳು ತಮ್ಮ ಕಾನೂನಿನಿಂದ ಇನ್ನಷ್ಟು ಬಿಗಿಗೊಳಿಸಬಹುದು.

ಮೈಸೂರು ಮಲ್ಲಿಗೆಗೆ ವಿಮಾನದಲ್ಲಿ ತಡೆಯಿಲ್ಲ, ತಡೆ ಇರುವುದು ಇಳಿಯುವ ಊರಿನಲ್ಲಿ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ತಾಜಾ ಹೂವನ್ನು ಘೋಷಿಸಿ ಪರೀಕ್ಷೆಗೆ ಒಪ್ಪಿಸಬೇಕು. ಘೋಷಿಸದೆ ಸಿಕ್ಕಿಬಿದ್ದರೆ ಮೊಳ ಮಲ್ಲಿಗೆಗೆ ತೆರುವ ದಂಡ ಟಿಕೆಟ್ಟಿನ ದರವನ್ನು ನೆನಪಿಸೀತು.

ಪಾರ್ಸೆಲ್ ಕಳುಹಿಸಬಹುದೇ?

ತಾವು ಹೋಗದೆ ಸೆಂಟನ್ನು ಮಾತ್ರ ಕಳುಹಿಸುವವರು ತಿಳಿಯಬೇಕಾದ ಸಂಗತಿ ಒಂದಿದೆ. 2 ಲೀಟರಿನ ರಿಯಾಯಿತಿ ಇರುವುದು ಪ್ರಯಾಣಿಕನಿಗೆ, ಪಾರ್ಸೆಲಿಗೆ ಅಲ್ಲ. ಆಲ್ಕೋಹಾಲ್ ಬೆರೆತ ಸೆಂಟು ಅಂತಾರಾಷ್ಟ್ರೀಯ ಅಂಚೆಯಲ್ಲಿ ನಿಷಿದ್ಧ ವಸ್ತು. ಖಾಸಗಿ ಕೊರಿಯರಿನವರು ಒಪ್ಪಿದರೂ ಅಪಾಯಕಾರಿ ಸರಕಿನ ಪ್ಯಾಕಿಂಗು, ಘೋಷಣಾಪತ್ರ, ಹೆಚ್ಚುವರಿ ಶುಲ್ಕ ಕೇಳುತ್ತಾರೆ. ಒಳಗೇನಿದೆ ಎಂಬಲ್ಲಿ "ಕಾಸ್ಮೆಟಿಕ್ಸ್" ಎಂದಷ್ಟೇ ಬರೆದು ದಾಟಿಸಲು ಹೋದರೆ ಎಕ್ಸ್-ರೇಯಲ್ಲಿ ಸ್ಪ್ರೇ ಸೀಸೆ ಕಂಡು ಇಡೀ ಪೊಟ್ಟಣ ನಿಂತುಬಿಡಬಹುದು. ಗಂಧದೆಣ್ಣೆಯನ್ನು ಕೊರಿಯರ್ ಮಾಡುವವರು ಅದು ಉರಿಯುವ ದ್ರವವಲ್ಲವೆಂದು ತೋರಿಸುವ ಸುರಕ್ಷತಾ ಮಾಹಿತಿ ಪತ್ರವನ್ನು ತಯಾರಕರಿಂದ ಮೊದಲೇ ಕೇಳಿ ಪಡೆದಿರಬೇಕು. ಊದುಬತ್ತಿ ಮತ್ತು ಸಾಬೂನಿಗೆ ಅಂಚೆಯಲ್ಲೂ ಈ ತಾಪತ್ರಯವಿಲ್ಲ.